ಬ್ಲೀಚ್ ಮಾಡಿಸಿದ ಕೂದಲು, ವಾರಕ್ಕೆ ನಾಲ್ಕು ದಿನದ ಈಜು: ಟೋಪಿ ಹಾಕಿಯೂ ಕೂದಲು ಕೆಡುತ್ತಿರುವುದೇಕೆ?

ನೀರುಹಕ್ಕಿ

ಎಲ್ಲರಿಗೂ ನಮಸ್ಕಾರ. ಬೆನ್ನುನೋವಿಗಾಗಿ ವೈದ್ಯರ ಸಲಹೆಯಂತೆ ಮೂರು ತಿಂಗಳಿಂದ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮುಕ್ಕಾಲು ಗಂಟೆಯಂತೆ ಈಜುತ್ತಿದ್ದೇನೆ. ಬೆನ್ನಿಗೆ ಚೆನ್ನಾಗಿ ಗುಣ ಕಂಡಿದೆ, ಆದ್ದರಿಂದ ಈಜು ಬಿಡುವ ಪ್ರಶ್ನೆಯಿಲ್ಲ. ತೊಂದರೆಯಾಗಿರುವುದು ಕೂದಲಿಗೆ. ನನ್ನ ಕೂದಲು ಭುಜದಿಂದ ಒಂದು ಗೇಣು ಕೆಳಗೆ ಬರುತ್ತದೆ. ಅದರ ಕೆಳಗಿನ ಅರ್ಧವನ್ನು ಬ್ಲೀಚ್ ಮಾಡಿಸಿ, ಅದರ ಮೇಲೆ ಬೂದಿ ಛಾಯೆಯ ತಿಳಿಗಂದು ಬಣ್ಣ ಹಾಕಿಸಿದ್ದೆ. ಈಗ ಆ ಬಣ್ಣ ಬಹುಮಟ್ಟಿಗೆ ಇಳಿದುಹೋಗಿದೆ, ಬೆಳಕಿಗೆ ಹಿಡಿದರೆ ತುದಿಯಲ್ಲಿ ಹಸಿರು ಕಾಣಿಸುತ್ತದೆ.

ಅದಕ್ಕಿಂತ ಗಾಬರಿ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಮೊನ್ನೆ ಸ್ನಾನದ ನಂತರ ಒದ್ದೆ ಕೂದಲಿನ ಒಂದು ಎಳೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಎಳೆದಾಗ ಬುಡದ ಕಡೆಯ ಭಾಗ ತುಸು ಹಿಗ್ಗಿ ಮತ್ತೆ ಮೊದಲಿನಂತಾಯಿತು. ಬ್ಲೀಚ್ ಆದ ಭಾಗ ಮಾತ್ರ ಹಳೆಯ ರಬ್ಬರ್ ಬ್ಯಾಂಡಿನಂತೆ ಹಿಗ್ಗುತ್ತಲೇ ಹೋಗಿ, ಹಿಂದಕ್ಕೆ ಬಾರದೆ, ಸದ್ದಿಲ್ಲದೆ ತುಂಡಾಯಿತು.

ನಾನು ಮೊದಲ ದಿನದಿಂದಲೂ ಟೋಪಿ ಹಾಕಿಕೊಂಡೇ ಈಜುತ್ತಿದ್ದೇನೆ. ಆದರೂ ತೆಗೆದಾಗ ಕೂದಲೆಲ್ಲ ತೊಯ್ದಿರುತ್ತದೆ. ಹಾಗಾದರೆ ಟೋಪಿ ದಂಡವೇ? ಎಣ್ಣೆ ಹಚ್ಚಬೇಕೆಂದು ಒಬ್ಬರು, ಕೂಡದೆಂದು ಇನ್ನೊಬ್ಬರು ಹೇಳುತ್ತಾರೆ. ಅನುಭವವಿದ್ದವರು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ದಡದ ಸೀಟಿ

ನಾನು ಹಲವು ವರ್ಷಗಳಿಂದ ಈಜು ಕಲಿಸುತ್ತಿದ್ದೇನೆ. ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸುತ್ತೇನೆ: ಈಜು ಟೋಪಿಯು ಕೂದಲನ್ನು ಒಣಗಿರುವಂತೆ ಇಡುವ ಸಾಧನವಲ್ಲ. ಲೇಟೆಕ್ಸ್ ಆಗಲಿ, ಸಿಲಿಕೋನ್ ಆಗಲಿ, ಹಣೆಯ ಅಂಚಿನಿಂದಲೂ ಕತ್ತಿನ ಹಿಂಭಾಗದಿಂದಲೂ ನೀರು ಒಳಗೆ ಬಂದೇ ಬರುತ್ತದೆ. ಬಟ್ಟೆಯ ಟೋಪಿಯಂತೂ ಜರಡಿಯಿದ್ದಂತೆ, ಅದು ಕೂದಲು ಮುಖಕ್ಕೆ ಬೀಳದಂತೆ ತಡೆಯುತ್ತದೆ, ಅಷ್ಟೇ.

ಕೊಳಕ್ಕೆ ಇಳಿಯುವ ಮೊದಲು ನಲ್ಲಿಯ ಕೆಳಗೆ ನಿಂತು ಕೂದಲನ್ನು ಬುಡದವರೆಗೆ ಪೂರ್ತಿ ನೆನೆಸಿಕೊಳ್ಳಿ. ಒಣ ಕೂದಲು ಸ್ಪಂಜಿದ್ದಂತೆ, ಮೊದಲು ಸಿಕ್ಕ ನೀರನ್ನು ಹೀರಿಕೊಳ್ಳುತ್ತದೆ. ಹೀರುವುದು ಒಳ್ಳೆಯ ನೀರನ್ನಾದರೆ ಕೊಳದ ನೀರಿಗೆ ಜಾಗವಿರುವುದಿಲ್ಲ. ನೆನೆಸಿದ ಮೇಲೆ ಹಿಂಡಿ, ಕಿವಿಯ ಮಟ್ಟದಿಂದ ಕೆಳಕ್ಕೆ ಕಂಡೀಷನರ್ ಹಚ್ಚಿ, ಕತ್ತಿನ ಹಿಂದೆ ತಗ್ಗಾಗಿ ಸುತ್ತಿ, ಸಿಲಿಕೋನ್ ಟೋಪಿ ಹಾಕಿಕೊಳ್ಳಿ. ಹಣೆಯಂಚಿಗೆ ಕಂಡೀಷನರ್ ತಾಗಿಸಬೇಡಿ. ಅಲ್ಲಿ ಜಾರಿಕೆಯಾದರೆ ನಾಲ್ಕನೆಯ ಸುತ್ತಿಗೆ ಟೋಪಿ ನೆತ್ತಿಗೆ ಏರಿ, ಆರನೆಯ ಸುತ್ತಿಗೆ ನೀರಿನಲ್ಲಿ ತೇಲುತ್ತಿರುತ್ತದೆ. ನನ್ನ ತರಗತಿಯಲ್ಲಿ ಇದು ವಾರಕ್ಕೊಮ್ಮೆಯಾದರೂ ನಡೆಯುವ ದೃಶ್ಯ.

ಬೀಕರ್

ರಸಾಯನಶಾಸ್ತ್ರ ಕಲಿಸುವುದು ನನ್ನ ವೃತ್ತಿ, ಈಜು ಹವ್ಯಾಸ. ದಡದ ಸೀಟಿಯವರು ಹೇಳಿದ ಕ್ರಮ ಸರಿಯಾಗಿದೆ, ಆದರೆ ಅವರು ಕೊಟ್ಟ ಕಾರಣ ಅರ್ಧ ಮಾತ್ರ ಸರಿ. ಕೂದಲು ತನ್ನ ತೂಕದ ಸುಮಾರು 30 ಶೇಕಡಾದಷ್ಟು ನೀರನ್ನು ಹೀರಿಕೊಳ್ಳುತ್ತದೆ ಎನ್ನುವುದೂ, ಮೊದಲೇ ನೆನೆಸಿದರೆ ಆ ಮೊದಲ ಗುಟುಕು ಕೊಳದ ನೀರಾಗಿರುವುದಿಲ್ಲ ಎನ್ನುವುದೂ ನಿಜ. ಆದರೆ ನೀರು ತುಂಬಿದ ಕೂದಲಿನೊಳಗೆ ಕ್ಲೋರಿನ್ ಹೋಗುವುದಿಲ್ಲವೆಂದು ತಿಳಿಯಬಾರದು. ನಿಂತ ನೀರಿಗೆ ಹಾಕಿದ ಒಂದು ತೊಟ್ಟು ಶಾಯಿ ಯಾರೂ ಕಲಕದಿದ್ದರೂ ಹೇಗೆ ಹರಡುತ್ತದೆಯೋ ಹಾಗೆಯೇ ಹೊರಗಿನ ಕ್ಲೋರಿನ್ ಕೂದಲಿನೊಳಗಿನ ನೀರಿಗೂ ನಿಧಾನವಾಗಿ ಹರಡುತ್ತದೆ. ನೆನೆಸುವುದರಿಂದ ಸಿಗುವುದು ವಿಳಂಬವೇ ಹೊರತು ತಡೆಯಲ್ಲ.

ಹಾಗಿದ್ದರೆ ನೀರು ಸೋರುವ ಟೋಪಿಯಿಂದ ಏನು ಪ್ರಯೋಜನ? ಒಂದು ಸಣ್ಣ ಲೆಕ್ಕ ಹಾಕೋಣ. ಕೊಳದ ನೀರಿನಲ್ಲಿ 2 ಪಿಪಿಎಂ ಮುಕ್ತ ಕ್ಲೋರಿನ್ (ಯಾವುದರೊಂದಿಗೂ ಸೇರದೆ ಉಳಿದಿರುವ ಕ್ಲೋರಿನ್) ಇದೆ ಎಂದುಕೊಳ್ಳಿ, ಅಂದರೆ ಲೀಟರಿಗೆ 2 ಮಿಲಿಗ್ರಾಂ. ಟೋಪಿಯೊಳಗೆ ಕೂದಲಿನ ನಡುವೆ 200 ಮಿಲಿಲೀಟರ್ ನೀರು ಸೇರಿಕೊಂಡರೆ ಅದರಲ್ಲಿರುವ ಕ್ಲೋರಿನ್ 0.4 ಮಿಲಿಗ್ರಾಂ ಮಾತ್ರ. ಕೂದಲಿನ ಪ್ರೋಟೀನಿನೊಂದಿಗೋ ಕಂಡೀಷನರಿನೊಂದಿಗೋ ವರ್ತಿಸಿ ಅದು ಬೇಗನೆ ಖರ್ಚಾಗಿಬಿಡುತ್ತದೆ, ಆ ಬಳಿಕ ಟೋಪಿಯೊಳಗಿನ ನೀರು ಹೆಚ್ಚುಕಡಿಮೆ ನಿರುಪದ್ರವಿ. ಟೋಪಿಯಿಲ್ಲದೆ ಈಜುವಾಗ ಇದಕ್ಕೆ ತದ್ವಿರುದ್ಧವಾದುದು ನಡೆಯುತ್ತದೆ. 5 ಲಕ್ಷ ಲೀಟರಿನ ಕೊಳದಲ್ಲಿ ಇದೇ ಪ್ರಮಾಣದಲ್ಲಿ ಇಡೀ 1 ಕಿಲೋಗ್ರಾಂ ಕ್ಲೋರಿನ್ ಇರುತ್ತದೆ, ಮತ್ತು ನೀವು ಕೈ ಬೀಸಿದಾಗಲೆಲ್ಲ ಕೂದಲಿನ ಸುತ್ತಲಿನ ಖರ್ಚಾದ ನೀರು ಸರಿದು ಹೊಸ ನೀರು ಬರುತ್ತದೆ. ಕೂದಲು ತೊಯ್ಯುವುದರಿಂದಲ್ಲ, ತೊಯ್ಯಿಸುವ ನೀರು ಬದಲಾಗುತ್ತಲೇ ಇರುವುದರಿಂದ ಹಾನಿ ಬೆಳೆಯುತ್ತದೆ. ಟೋಪಿ ಮಾಡುವ ಕೆಲಸವೆಂದರೆ ಆ ಬದಲಾವಣೆಯನ್ನು ನಿಲ್ಲಿಸುವುದು. ಒಳಗೆ ತೇವವಿದ್ದ ಮಾತ್ರಕ್ಕೆ ಅದು ಸೋತಿತೆಂದು ಭಾವಿಸಬೇಕಾಗಿಲ್ಲ.

ಇನ್ನು ಬ್ಲೀಚ್ ಆದ ಭಾಗವೇ ಏಕೆ ಹೆಚ್ಚು ಕೆಡುತ್ತದೆ ಎಂಬ ಪ್ರಶ್ನೆ. ಕೂದಲಿನ ಹೊರಪೊರೆಯು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊದ್ದುಕೊಂಡಿರುವ ಹಲವು ಪದರಗಳಿಂದಾಗಿದೆ, ಅವುಗಳ ಮೇಲ್ಮೈಗೆ ಕೊಬ್ಬಿನ ಆಮ್ಲದ ತೀರಾ ತೆಳುವಾದ ಲೇಪವೊಂದು ರಾಸಾಯನಿಕವಾಗಿಯೇ ಅಂಟಿಕೊಂಡಿರುತ್ತದೆ. ನೀರನ್ನು ದೂರ ತಳ್ಳುವುದು ಆ ಲೇಪ. ಬ್ಲೀಚಿನಲ್ಲಿರುವ ಕ್ಷಾರ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿ ಅದನ್ನು ಕಿತ್ತುಹಾಕುತ್ತವೆ, ಒಮ್ಮೆ ಹೋದರೆ ಅದು ಮತ್ತೆ ಹುಟ್ಟುವುದಿಲ್ಲ. ಒಳತಿರುಳಿನಲ್ಲಿ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಹಿಡಿದಿಟ್ಟಿರುವ ಗಂಧಕದ ಜೋಡಿ ಬಂಧಗಳೂ ಬ್ಲೀಚಿನಿಂದ ಒಡೆದು ಸಿಸ್ಟೀಯಿಕ್ ಆಮ್ಲವಾಗುತ್ತವೆ. ಕ್ಲೋರಿನ್ ಮಾಡುವುದೂ ಇದೇ ಬಗೆಯ ಕೆಲಸ: ಅದೂ ಉತ್ಕರ್ಷಣಕಾರಿ, ಅದೂ ಗಂಧಕದ ಬಂಧಗಳನ್ನೇ ಒಡೆಯುತ್ತದೆ. ಬ್ಲೀಚ್ ಅರ್ಧಕ್ಕೆ ನಿಲ್ಲಿಸಿದ ಕೆಲಸವನ್ನು ಕೊಳ ಅತಿ ದುರ್ಬಲ ಪ್ರಮಾಣದಲ್ಲಿ, ದಿನವೂ ಮುಂದುವರಿಸುತ್ತದೆ ಎಂದರೆ ತಪ್ಪಾಗದು.

ಕುತೂಹಲಕ್ಕೆ ಒಂದು ಮಾತು. ಉಣ್ಣೆಯೂ ಕೆರಾಟಿನ್ನೇ. ಕ್ಲೋರಿನ್ ನೀರಿನಲ್ಲಿ ಅದ್ದಿದ ಉಣ್ಣೆಯ ಎಳೆಯ ಮೇಲ್ಮೈ ಗುಳ್ಳೆಗುಳ್ಳೆಯಾಗಿ ಎದ್ದುಕೊಳ್ಳುವುದನ್ನು ಆಲ್ವೋರ್ಡೆನ್ ಎಂಬ ಜರ್ಮನ್ ವಿಜ್ಞಾನಿ 1916ರಲ್ಲಿಯೇ ವರ್ಣಿಸಿದ್ದರು. ಒಗೆದಾಗ ಉಣ್ಣೆಯ ಉಡುಪು ಕುಗ್ಗಬಾರದೆಂದು ಕಾರ್ಖಾನೆಗಳು ಅದರ ಹುರುಪೆಗಳನ್ನು ಕ್ಲೋರಿನ್ನಿನಿಂದಲೇ ಸವೆಸಿ, ಮೇಲೆ ರಾಳದ ಲೇಪ ಕೊಡುತ್ತವೆ. ಅಲ್ಲಿ ಬಳಸುವ ಪ್ರಮಾಣ ಕೊಳದ್ದಕ್ಕಿಂತ ಬಹಳ ಹೆಚ್ಚು. ಆದರೆ ಹುರುಪೆ ಸವೆಸಿದ ಮೇಲೆ ಲೇಪ ಕೊಡಲೇಬೇಕೆಂಬುದನ್ನು ಅವರು ಮರೆಯುವುದಿಲ್ಲ, ನಾವು ಮರೆಯುತ್ತೇವೆ.

ನೀರುಹಕ್ಕಿ

ಲೆಕ್ಕ ನೋಡಿ ಸಮಾಧಾನವೂ ಆಯಿತು, ಒಂದು ಸಂದೇಹವೂ ಹುಟ್ಟಿತು. ಹೊರಬರುವಾಗ ಕೂದಲಿನಲ್ಲಿ ಅರ್ಧ ಮಿಲಿಗ್ರಾಂ ಕ್ಲೋರಿನ್ ಕೂಡ ಇರುವುದಿಲ್ಲವೆಂದಾದರೆ ತಕ್ಷಣ ತೊಳೆಯಬೇಕೆಂದು ಎಲ್ಲರೂ ಅವಸರಪಡಿಸುವುದೇಕೆ?

ಬೀಕರ್

ಒಳ್ಳೆಯ ಪ್ರಶ್ನೆ. ಮುಕ್ತ ಕ್ಲೋರಿನ್ ಖರ್ಚಾದರೂ ನೀರಿನಲ್ಲಿ ಕರಗಿರುವ ಉಳಿದ ಪದಾರ್ಥಗಳು, ಅಂದರೆ ಲವಣಗಳು, ಬೆವರಿನಂಥವುಗಳೊಂದಿಗೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನುಗಳು, ಇದ್ದರೆ ತಾಮ್ರ, ಎಲ್ಲವೂ ಹಾಗೆಯೇ ಇರುತ್ತವೆ. ಕೂದಲು ಒಣಗಿದಂತೆ ನೀರು ಆವಿಯಾಗಿ ಅವು ಕೂದಲಿನ ಮೇಲೆ ದಟ್ಟವಾಗುತ್ತವೆ. ಆದ್ದರಿಂದ ಒಣಗುವ ಮೊದಲು ತೊಳೆಯಬೇಕು. ಹತ್ತು ನಿಮಿಷ ತಡವಾದರೆ ಆಕಾಶವೇನೂ ಬೀಳುವುದಿಲ್ಲ, ಆದರೆ ಮನೆಗೆ ಹೋಗಿ ನಿಧಾನವಾಗಿ ತೊಳೆದರಾಯಿತು ಎಂದುಕೊಳ್ಳಬೇಡಿ.

ಕತ್ತರಿ ಬಾಚಣಿಗೆ

ಕೇಶವಿನ್ಯಾಸವೇ ನನ್ನ ಉದ್ಯೋಗ. 'ಕೆಮಿಕಲ್ ಮಾಡಿಸಿದ ಕೂದಲು' ಎಂದು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುವುದೇ ಅರ್ಧ ಗೊಂದಲಕ್ಕೆ ಮೂಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶಾಶ್ವತ ಬಣ್ಣದಲ್ಲಿ ಸಣ್ಣ ಅಣುಗಳು ಕೂದಲಿನೊಳಗೆ ಹೋಗಿ ಅಲ್ಲಿಯೇ ಕೂಡಿಕೊಂಡು ದೊಡ್ಡದಾಗುತ್ತವೆ, ಆದ್ದರಿಂದ ಅವು ಸುಲಭವಾಗಿ ಹೊರಬರಲಾರವು. ತಾತ್ಕಾಲಿಕ ಬಣ್ಣವೂ, ಬ್ಲೀಚಿನ ಮೇಲೆ ಹಾಕುವ ಟೋನರಿನ ಬಹುಪಾಲು ಬಗೆಗಳೂ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ, ಕೆಲವೇ ಈಜುಗಳಲ್ಲಿ ಇಳಿದುಹೋಗುತ್ತವೆ. ನೀರುಹಕ್ಕಿಯವರ ಬೂದಿ ಛಾಯೆ ಮಾಯವಾಗಿರುವುದು ಹೀಗೆಯೇ. ಸುರುಳಿ ಮಾಡಿಸಿದ ಕೂದಲಿನಲ್ಲಿ ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕದಿಂದ ಬಂಧಗಳನ್ನು ಬಿಡಿಸಿ, ಬೇಕಾದ ಆಕಾರದಲ್ಲಿ ಮತ್ತೆ ಕೂಡಿಸಿರುತ್ತೇವೆ. ಬಿಚ್ಚಿದ ಬಂಧಗಳೆಲ್ಲವೂ ಮತ್ತೆ ಕೂಡಿಕೊಂಡಿರುವುದಿಲ್ಲ, ಆದ್ದರಿಂದ ಮೊದಲ ಎರಡು ಮೂರು ದಿನ ಯಾವ ನೀರೂ ಬೇಡವೆನ್ನುತ್ತೇವೆ. ಕ್ಷಾರದ ರಿಲ್ಯಾಕ್ಸರ್ ಹಾಕಿ ನೇರ ಮಾಡಿದ ಕೂದಲಿನ ಕಥೆಯೇ ಬೇರೆ. ಅಲ್ಲಿ ಎರಡು ಗಂಧಕದ ಬಂಧವು ಒಂದೇ ಗಂಧಕದ ಬಂಧವಾಗಿ ಬದಲಾಗಿ ಶಾಶ್ವತವಾಗಿ ಹಾಗೆಯೇ ಉಳಿಯುತ್ತದೆ. ಅಂತಹ ಕೂದಲು ತುಂಡಾಗುವುದು ತುದಿಯಲ್ಲಿ ಮಾತ್ರವಲ್ಲ, ಹೊಸದಾಗಿ ಬೆಳೆದ ಕೂದಲಿಗೂ ಹಳೆಯದಕ್ಕೂ ನಡುವಣ ಗಡಿಯಲ್ಲಿಯೂ. ಕೆರಾಟಿನ್ ಸ್ಮೂದನಿಂಗ್ ಮಾಡಿಸಿಕೊಂಡವರಿಗೆ ಕ್ಲೋರಿನ್, ಉಪ್ಪುನೀರು, ಗಡಸು ಶಾಂಪೂ ಮೂರೂ ಲೇಪದ ಆಯುಷ್ಯವನ್ನು ಕಡಿಮೆ ಮಾಡುತ್ತವೆ. ಅಲ್ಲಿ ಹೆಚ್ಚಾಗಿ ನಷ್ಟವಾಗುವುದು ಮಾಡಿಸಿದ ಕೆಲಸದ್ದೇ.

ಎಷ್ಟು ದಿನ ಕಾಯಬೇಕೆಂದು ಎಲ್ಲರೂ ಕೇಳುತ್ತಾರೆ. ಬಣ್ಣಕ್ಕೆ ಮೂರು ದಿನ, ಸಾಧ್ಯವಾದರೆ ಒಂದು ವಾರ ಎನ್ನುತ್ತೇನೆ. ರಿಲ್ಯಾಕ್ಸರ್ ಹಾಕಿದವರಿಗೆ ಒಂದು ವಾರಕ್ಕಿಂತ ಕಡಿಮೆ ಹೇಳುವುದಿಲ್ಲ, ಏಕೆಂದರೆ ನೆತ್ತಿಯ ಚರ್ಮ ಎಲ್ಲಿಯಾದರೂ ಉರಿದಿದ್ದರೆ ಅದರ ಮೇಲೆ ಕ್ಲೋರಿನ್ ನೀರು ಬಿದ್ದರೆ ಗಾಯದ ಮೇಲೆ ಬರೆ ಎಳೆದಂತಾಗುತ್ತದೆ. ಉತ್ಪನ್ನದ ಪೊಟ್ಟಣದ ಮೇಲೆ ಬೇರೆ ಅವಧಿ ಬರೆದಿದ್ದರೆ ಅದನ್ನೇ ಪಾಲಿಸಿ.

ಈಗ ಹಸಿರಿನ ವಿಷಯ. ಕೂದಲನ್ನು ಹಸಿರಾಗಿಸುವುದು ಕ್ಲೋರಿನ್ ಅಲ್ಲ, ತಾಮ್ರ. ಬ್ಲೀಚ್ ಆದ ಕೂದಲು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಪ್ಪು ಕೂದಲಿನಲ್ಲಿ ಅದು ಸೇರಿದರೂ ಕಣ್ಣಿಗೆ ಕಾಣುವುದಿಲ್ಲ. ಆದರೆ ಇಲ್ಲೊಂದು ಮೋಸವಿದೆ. ಬೂದಿ ಛಾಯೆಯ ಬಣ್ಣದಲ್ಲಿ ನೀಲಿಯ ಅಂಶವಿರುತ್ತದೆ, ಅದು ಅರ್ಧಂಬರ್ಧ ಇಳಿದಾಗ ಕೆಳಗಿನ ಬ್ಲೀಚಿನ ಹಳದಿಯೊಂದಿಗೆ ಸೇರಿಯೂ ಹಸಿರು ಕಾಣಬಹುದು. ಲೋಹವನ್ನು ಹಿಡಿದು ತೆಗೆಯುವ ಇಡಿಟಿಎ ಎಂಬ ರಾಸಾಯನಿಕ ಇರುವ, ಈಜುಗಾರರಿಗೆಂದೇ ಮಾರುವ ಶಾಂಪೂವಿನಲ್ಲಿ ಒಂದೆರಡು ಸಲ ತೊಳೆದು ನೋಡಿ. ಹಸಿರು ಇಳಿದರೆ ಅದು ತಾಮ್ರ, ಇಳಿಯದಿದ್ದರೆ ಬಣ್ಣದ್ದೇ ಇರಬೇಕು.

ದಯವಿಟ್ಟು ಒಂದನ್ನು ಮಾತ್ರ ಮಾಡಬೇಡಿ. ಹಸಿರು ಕಂಡಿತೆಂದು ಅದರ ಮೇಲೆಯೇ ಬ್ಲೀಚ್ ಅಥವಾ ಬಣ್ಣ ಹಾಕಿಸಿಕೊಳ್ಳಬೇಡಿ. ತಾಮ್ರವಿರುವ ಕೂದಲಿಗೆ ಪೆರಾಕ್ಸೈಡ್ ತಾಗಿದರೆ ಅದರ ವಿಭಜನೆ ಹತೋಟಿ ತಪ್ಪುತ್ತದೆ, ಕೂದಲು ಬಿಸಿಯಾಗಿ ಕೈಯಲ್ಲೇ ಬಿಟ್ಟುಕೊಳ್ಳಬಹುದು. ಈಜುವ ಗ್ರಾಹಕರು ಆ ವಿಷಯವನ್ನು ಮೊದಲೇ ಹೇಳಬೇಕೆಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿಯೇ.

ಎಣ್ಣೆಬುಡ್ಡಿ

ಕಂಡೀಷನರ್ ನೀರಿನಲ್ಲಿ ಕರಗಿ ಹೋಗುತ್ತದೆ, ಎಣ್ಣೆ ಹೋಗುವುದಿಲ್ಲ. ಹಾಗಿರುವಾಗ ಎಣ್ಣೆಯೇ ಉತ್ತಮವಲ್ಲವೇ? ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ಗಮನಾರ್ಹವಾಗಿ ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಬ್ಲೀಚ್ ಆದ ಕೂದಲಿಗೂ ಅದು ಅನ್ವಯಿಸಿತ್ತು. ನಾನು ಎರಡು ವರ್ಷಗಳಿಂದ ಎಣ್ಣೆ ಹಚ್ಚಿಯೇ ಈಜುತ್ತಿದ್ದೇನೆ, ಕೂದಲು ಚೆನ್ನಾಗಿದೆ.

ಪಂಪ್‌ರೂಮ್

ನಿಮ್ಮ ಕೂದಲು ಚೆನ್ನಾಗಿರಬಹುದು, ನಮ್ಮ ಫಿಲ್ಟರ್ ಚೆನ್ನಾಗಿರುವುದಿಲ್ಲ. ಕೊಳದ ನೀರನ್ನು ನಿರ್ವಹಿಸುವವನಾಗಿ ಹೇಳುತ್ತಿದ್ದೇನೆ: ನೀರಿನ ಮಟ್ಟದ ಹೆಂಚುಗಳ ಮೇಲೆ ಸುತ್ತಲೂ ಬೂದು ಬಣ್ಣದ ಜಿಡ್ಡಿನ ಗೆರೆಯೊಂದು ಕಟ್ಟುತ್ತದಲ್ಲ, ಅದು ನಿಮ್ಮಂಥವರ ತಲೆಯ ಮತ್ತು ಮೈಯ ಎಣ್ಣೆ. ಬೆರಳಿನಿಂದ ಒರೆಸಿದರೆ ಮೇಣದಂತೆ ಅಂಟುತ್ತದೆ, ಅದನ್ನು ಉಜ್ಜಿ ತೆಗೆಯುವುದು ನನ್ನ ಬೆಳಗಿನ ಕೆಲಸ. ಇಂತಹ ಜಿಡ್ಡು, ಬೆವರು, ಸುಗಂಧದ್ರವ್ಯ ಎಲ್ಲವೂ ಕ್ಲೋರಿನ್ನನ್ನು ತಿನ್ನುತ್ತವೆ, ಆಗ ನಾವು ಇನ್ನಷ್ಟು ಕ್ಲೋರಿನ್ ಹಾಕಬೇಕಾಗುತ್ತದೆ. ಕೊಳದ ಬಳಿ ಮೂಗಿಗೆ ಬಡಿಯುವ ವಾಸನೆ ಕ್ಲೋರಿನ್ ಹೆಚ್ಚಾಗಿರುವುದರ ಗುರುತೆಂದು ಜನ ತಿಳಿದಿದ್ದಾರೆ. ಅದು ಬೆವರು ಮೂತ್ರಗಳೊಂದಿಗೆ ಕ್ಲೋರಿನ್ ಸೇರಿ ಆದ ಕ್ಲೋರಮೈನಿನ ವಾಸನೆ. ಇಳಿಯುವ ಮೊದಲು ಸ್ನಾನ ಮಾಡಿ ಎಂದು ಬರೆದ ಫಲಕವನ್ನು ಎಲ್ಲರೂ ಓದುತ್ತಾರೆ, ಪಾಲಿಸುವವರು ಕಡಿಮೆ.

ಉಪಯೋಗಕ್ಕೆ ಬರುವ ಮಾತನ್ನೂ ಹೇಳುತ್ತೇನೆ. ಸಾಮಾನ್ಯವಾಗಿ ಮುಕ್ತ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8ರ ನಡುವೆ ಇರುವಂತೆ ನೋಡಿಕೊಳ್ಳುತ್ತೇವೆ. ಇವೆರಡನ್ನೂ ಫಲಕದಲ್ಲಿ ಬರೆದಿರದಿದ್ದರೆ ಕೇಳಿ, ಕೇಳುವ ಹಕ್ಕು ನಿಮಗಿದೆ. ಬಿಸಿನೀರಿನ ತೊಟ್ಟಿಯಲ್ಲಿ ಕ್ಲೋರಿನ್ 3 ಪಿಪಿಎಂಗಿಂತ ಕಡಿಮೆಯಿರುವಂತಿಲ್ಲ, ಜೊತೆಗೆ ಶಾಖವೂ ಇರುವುದರಿಂದ ಬಣ್ಣ ಹಾಕಿದ ಕೂದಲನ್ನು ಅದರಲ್ಲಿ ಮುಳುಗಿಸಬೇಡಿ. ತಾಮ್ರ ಬರುವುದು ಹೆಚ್ಚಾಗಿ ತಾಮ್ರದ ಪಾಚಿನಾಶಕದಿಂದ, ಇಲ್ಲವೇ ನೀರಿನ ಪಿಎಚ್ ತಗ್ಗಿದಾಗ ನೀರು ಕಾಯಿಸುವ ಯಂತ್ರದ ತಾಮ್ರದ ಕೊಳವೆ ಸವೆಯುವುದರಿಂದ. ಕೂದಲು ಹಸಿರಾಗುತ್ತಿದೆಯೆಂದು ಯಾರಾದರೂ ಬಂದು ಹೇಳಿದರೆ ನನಗೆ ಅದು ದೂರಲ್ಲ, ಸುಳಿವು.

ಎಣ್ಣೆಬುಡ್ಡಿ

ಹೆಂಚಿನ ಗೆರೆಗೆ ಕ್ಷಮೆ ಇರಲಿ. ಆದರೆ ಟೋಪಿಯೊಳಗೆ ಹಚ್ಚಿದ ಎಣ್ಣೆ ಕೊಳಕ್ಕೆ ಬರುವುದು ಅಷ್ಟೊಂದೇನೂ ಇರಲಾರದು.

ದಡದ ಸೀಟಿ

ಟೋಪಿ ಲೇಟೆಕ್ಸಿನದ್ದಾದರೆ ಬರುತ್ತದೆ, ಏಕೆಂದರೆ ಎಣ್ಣೆ ತಾಗಿದ ಲೇಟೆಕ್ಸ್ ಬೇಗನೆ ಮೆತ್ತಗಾಗಿ, ಅಂಟಂಟಾಗಿ, ಹರಿಯುತ್ತದೆ. ಎಣ್ಣೆ ಬೇಕೇ ಬೇಕೆನ್ನುವವರು ಹಿಂದಿನ ರಾತ್ರಿ ಕೆಲವೇ ಹನಿಗಳನ್ನು ಬ್ಲೀಚ್ ಆದ ಭಾಗಕ್ಕೆ ಮಾತ್ರ ಹಚ್ಚಿ, ಬೆಳಿಗ್ಗೆ ಹೆಚ್ಚಿನದನ್ನು ಒರೆಸಿ, ಸಿಲಿಕೋನ್ ಟೋಪಿ ಹಾಕಿಕೊಳ್ಳಲಿ. ಈ ಮಾತಿಗೆ ಪಂಪ್‌ರೂಮ್‌ನವರೂ ಒಪ್ಪಬಹುದು.

ಪಂಪ್‌ರೂಮ್

ಒಪ್ಪಿದೆ.

ಗುಂಗುರು

ನನ್ನದು ಬಹಳ ದಟ್ಟವಾದ ಗುಂಗುರು ಕೂದಲು, ಏಳು ವರ್ಷಗಳಿಂದ ರಿಲ್ಯಾಕ್ಸರ್ ಹಾಕಿಸುತ್ತಿದ್ದೇನೆ. ಮಾರುಕಟ್ಟೆಯ ಸಾಮಾನ್ಯ ಟೋಪಿ ನನ್ನ ತಲೆಗೆ ಹಿಡಿಸುತ್ತಿರಲಿಲ್ಲ, ಎಳೆದು ಹಾಕಿದರೆ ಹಣೆಯಂಚಿನ ಕೂದಲು ಅದರೊಂದಿಗೆ ಕಿತ್ತುಬರುತ್ತಿತ್ತು. ಇದು ನನ್ನೊಬ್ಬರ ಕಷ್ಟವಲ್ಲ. ದೊಡ್ಡ ಕೂದಲಿನವರಿಗಾಗಿ ಬ್ರಿಟನ್ನಿನ ಸೋಲ್ ಕ್ಯಾಪ್ ಸಂಸ್ಥೆ ತಯಾರಿಸಿದ ಟೋಪಿಗೆ ಅಂತಾರಾಷ್ಟ್ರೀಯ ಈಜು ಒಕ್ಕೂಟವು 2021ರಲ್ಲಿ, ಟೋಕಿಯೋ ಒಲಿಂಪಿಕ್ಸಿಗೆ ಮುನ್ನ, ಅನುಮತಿ ನಿರಾಕರಿಸಿತ್ತು. ಬಹಳ ಟೀಕೆಗಳ ನಂತರ 2022ರಲ್ಲಿ ಅನುಮತಿ ಸಿಕ್ಕಿತು. ಸ್ಪರ್ಧೆಯ ಗೊಡವೆಯಿಲ್ಲದ ನಮ್ಮಂಥವರಿಗೂ ದೊಡ್ಡ ಅಳತೆಯ ಟೋಪಿ ಬೇಕೆಂದು ಕೇಳಲು ಅದರಿಂದ ಧೈರ್ಯ ಬಂತು.

ನನ್ನ ಅನುಭವದಲ್ಲಿ ಈಜಿನಷ್ಟೇ ಹಾನಿ ಈಜಿನ ನಂತರದ ಹತ್ತು ನಿಮಿಷದಲ್ಲಾಗುತ್ತದೆ. ಒದ್ದೆ ಕೂದಲು ಮೊದಲೇ ದುರ್ಬಲ, ಸಂಸ್ಕರಿಸಿದ್ದಾದರೆ ಇನ್ನೂ ದುರ್ಬಲ. ಅದನ್ನು ಟವೆಲಿನಲ್ಲಿ ಉಜ್ಜಿ, ಸಣ್ಣ ಹಲ್ಲಿನ ಬಾಚಣಿಗೆಯನ್ನು ನೆತ್ತಿಯಿಂದ ಕೆಳಕ್ಕೆ ಎಳೆಯುವವರನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ದಿನವೂ ನೋಡುತ್ತೇನೆ, ಹೇಳಬೇಕೆನಿಸಿದರೂ ಹೇಳಲಾಗುವುದಿಲ್ಲ. ಕಂಡೀಷನರ್ ಇನ್ನೂ ಕೂದಲಿನಲ್ಲಿರುವಾಗಲೇ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಎರಡು ಅಂಗುಲ ಮೊದಲು ಬಿಡಿಸಿ, ಆಮೇಲೆ ಅದರ ಮೇಲಿನ ಎರಡು ಅಂಗುಲ, ಹೀಗೆ ಮೇಲಕ್ಕೆ ಹೋಗಬೇಕು. ಸಿಕ್ಕಿನ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರೆ ಎಳೆತವು ಹೊಸ ಮತ್ತು ಹಳೆಯ ಕೂದಲಿನ ಗಡಿಯವರೆಗೆ ತಲುಪುವುದಿಲ್ಲ.

ಅಲೆಮನೆ

ಈ ರಗಳೆಯೇ ಬೇಡವೆಂದು ನಾನು ಉಪ್ಪುನೀರಿನ ಕೊಳಕ್ಕೆ ಹೋಗುತ್ತೇನೆ, ಅಲ್ಲಿ ಕ್ಲೋರಿನ್ ಇರುವುದಿಲ್ಲ. ಸಾಧ್ಯವಾದಾಗ ಸಮುದ್ರ.

ಪಂಪ್‌ರೂಮ್

ಉಪ್ಪುನೀರಿನ ಕೊಳದಲ್ಲಿಯೂ ಕ್ಲೋರಿನ್ ಇದೆ. ಉಪ್ಪನ್ನು ವಿದ್ಯುತ್ತಿನಿಂದ ವಿಭಜಿಸಿ ಕ್ಲೋರಿನ್ನನ್ನು ಅಲ್ಲಿಯೇ ತಯಾರಿಸುತ್ತಾರೆ, ಡಬ್ಬಿಯಿಂದ ಸುರಿಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಬೀಕರ್

ಸಮುದ್ರದ ವಿಷಯ ಬೇರೆ. ಅಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಮೇಲೆ ಬಿಸಿಲು. ಉಪ್ಪು ಗಂಧಕದ ಬಂಧಗಳನ್ನು ಒಡೆಯುವುದಿಲ್ಲ, ಆದರೆ ಒಣಗಿದಾಗ ಹರಳುಗಟ್ಟಿ ಕೂದಲನ್ನು ಒರಟಾಗಿಸುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ಬಣ್ಣವನ್ನು ಮಸುಕುಗೊಳಿಸುತ್ತವೆ. ಅಲ್ಲಿಯೂ ಟೋಪಿ, ಅಲ್ಲಿಯೂ ಸಿಹಿನೀರಿನ ತೊಳೆತ ಬೇಕು.

ನೀರುಹಕ್ಕಿ

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯಂತೆ, ಉತ್ತರ ಪಡೆದವಳು ಫಲಿತಾಂಶ ತಿಳಿಸದೆ ಹೋಗಬಾರದಲ್ಲ.

ಬೀಕರ್ ಅವರ ಲೆಕ್ಕ ತಲೆಯಲ್ಲಿ ಕೊರೆಯುತ್ತಿದ್ದುದರಿಂದ ಒಂದು ಪರೀಕ್ಷೆ ಮಾಡಿದೆ. ಹಾಳಾದ ತುದಿಯನ್ನು ನಾಲ್ಕು ಅಂಗುಲ ಕತ್ತರಿಸಿದಾಗ ಬಿದ್ದ ಕೂದಲಿನಿಂದ ಹೆಚ್ಚುಕಡಿಮೆ ಒಂದೇ ದಪ್ಪದ ನಾಲ್ಕು ಕುಚ್ಚುಗಳನ್ನು ಮಾಡಿ, ಬೇರೆ ಬೇರೆ ಬಣ್ಣದ ದಾರ ಕಟ್ಟಿದೆ. ಕೆಂಪು ದಾರದ್ದನ್ನು ಏನೂ ಹಚ್ಚದೆ ಈಜುಡುಗೆಯ ಪಟ್ಟಿಗೆ ಪಿನ್ನಿನಿಂದ ಸಿಕ್ಕಿಸಿದೆ, ನೀರು ಅದರ ಮೇಲೆ ನೇರವಾಗಿ ಹರಿಯುತ್ತಿತ್ತು. ನೀಲಿಯದನ್ನು ನೆನೆಸಿ ಕಂಡೀಷನರ್ ಹಚ್ಚಿ ಅದೇ ಪಟ್ಟಿಗೆ ಸಿಕ್ಕಿಸಿದೆ. ಬಿಳಿಯದನ್ನು ನೆನೆಸಿ ಕಂಡೀಷನರ್ ಹಚ್ಚಿ ಟೋಪಿಯೊಳಗೆ ಇಟ್ಟೆ. ಕಪ್ಪು ದಾರದ್ದು ಮನೆಯ ಡ್ರಾಯರಿನಲ್ಲಿ ಉಳಿಯಿತು. ಹನ್ನೆರಡು ಈಜು, ಪ್ರತಿ ಸಲವೂ ಮೂರನ್ನೂ ಒಂದೇ ರೀತಿ ತೊಳೆದು ನೆರಳಿನಲ್ಲಿ ಒಣಗಿಸಿದೆ.

ಕೆಂಪು ದಾರದ ಕುಚ್ಚು ಈಗ ತೆಂಗಿನ ನಾರಿನಂತಾಗಿದೆ. ತುದಿಯಿಂದ ಬುಡದ ಕಡೆಗೆ ಬೆರಳಾಡಿಸಿದರೆ ಸರಸರನೆ ಸದ್ದು ಬರುತ್ತದೆ, ಹಸಿರು ಸ್ಪಷ್ಟವಾಗಿದೆ. ನನಗೆ ಆಶ್ಚರ್ಯ ತಂದದ್ದು ನೀಲಿ. ಕಂಡೀಷನರ್ ಹಚ್ಚಿದ್ದರಿಂದ ಅದು ಬಹಳ ಚೆನ್ನಾಗಿರುತ್ತದೆಂದುಕೊಂಡಿದ್ದೆ, ಆದರೆ ಕೆಂಪಿಗಿಂತ ಸ್ವಲ್ಪವೇ ಮೇಲು, ಎರಡನೆಯ ಸುತ್ತಿಗೇ ಕಂಡೀಷನರ್ ತೊಳೆದುಹೋಗುತ್ತಿತ್ತೆಂದು ಕಾಣುತ್ತದೆ. ಬಿಳಿ ದಾರದ್ದನ್ನೂ ಕಪ್ಪು ದಾರದ್ದನ್ನೂ ಕಣ್ಣು ಮುಚ್ಚಿ ಮುಟ್ಟಿದರೆ ನನಗೆ ವ್ಯತ್ಯಾಸ ತಿಳಿಯಲಿಲ್ಲ, ಮನೆಯವರಿಗೂ ತಿಳಿಯಲಿಲ್ಲ. ಆದರೂ ಪ್ರತಿ ದಿನ ಟೋಪಿ ತೆಗೆದಾಗ ಬಿಳಿ ಕುಚ್ಚು ಪೂರ್ತಿ ತೊಯ್ದೇ ಇರುತ್ತಿತ್ತು.

ಕೊಳದವರನ್ನು ತಾಮ್ರದ ಬಗ್ಗೆ ಕೇಳಿದೆ. ಮೊದಲು ನಕ್ಕರು, ಅಳೆದು ನೋಡಿದ ಮೇಲೆ ಪಾಚಿನಾಶಕವನ್ನು ಬದಲಿಸಿದರು. ತಲೆಯ ಮೇಲಿನ ಹಸಿರು ಇಡಿಟಿಎ ಶಾಂಪೂವಿನ ಎರಡನೆಯ ತೊಳೆತಕ್ಕೆ ಬಹುಮಟ್ಟಿಗೆ ಇಳಿಯಿತು. ಉಳಿದಿರುವುದು ಎರಡು ಪ್ರಶ್ನೆ: ಆ ಶಾಂಪೂವನ್ನು ಪ್ರತಿ ಈಜಿನ ನಂತರವೂ ಬಳಸಬೇಕೆ? ವಿಟಮಿನ್ ಸಿ ನೀರನ್ನು ಚಿಮುಕಿಸಿಕೊಳ್ಳುವವರನ್ನು ನೋಡಿದೆ, ಅದರಿಂದ ಪ್ರಯೋಜನವಿದೆಯೇ? ಮುಂದಿನ ತಿಂಗಳು ಮತ್ತೆ ಬಣ್ಣ ಹಾಕಿಸುವ ಯೋಚನೆಯೂ ಇದೆ.

ಬೀಕರ್

ಒಂದೊಂದೇ ಕುಚ್ಚಿನ ಪರೀಕ್ಷೆಯಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ ಎಂದು ಅಧ್ಯಾಪಕನಾಗಿ ಹೇಳಲೇಬೇಕು. ಹೇಳಿಯಾಯಿತು. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಡ್ರಾಯರಿನಲ್ಲಿ ನಾಲ್ಕನೆಯ ಕುಚ್ಚನ್ನು ಇಡಲು ಮರೆಯುತ್ತಿದ್ದರು.

ವಿಟಮಿನ್ ಸಿ ಮುಕ್ತ ಕ್ಲೋರಿನ್ನನ್ನು ಕ್ಷಣಾರ್ಧದಲ್ಲಿ ನಿಷ್ಕ್ರಿಯಗೊಳಿಸುತ್ತದೆ, ಅದು ನಿಜ. 1 ಮಿಲಿಗ್ರಾಂ ಕ್ಲೋರಿನ್ನಿಗೆ ಸುಮಾರು 2.5 ಮಿಲಿಗ್ರಾಂ ಸಾಕು, ಅಂದರೆ ಅರ್ಧ ಲೀಟರ್ ನೀರಿಗೆ ಒಂದು ಚಿಟಿಕೆಯೇ ಹೆಚ್ಚು. ಕ್ಲೋರಿನ್ನಿನ ವಾಸನೆ ಹೋಗಲು ಚಿಮುಕಿಸಿಕೊಳ್ಳಬಹುದು. ಆದರೆ ಮುಕ್ಕಾಲು ಗಂಟೆಯಲ್ಲಿ ಆಗಿಹೋದ ಹಾನಿಯನ್ನು ಅದು ಹಿಂದಕ್ಕೆ ತಿರುಗಿಸುವುದಿಲ್ಲ.

ಕತ್ತರಿ ಬಾಚಣಿಗೆ

ಇಡಿಟಿಎ ಶಾಂಪೂ ವಾರಕ್ಕೊಮ್ಮೆ ಸಾಕು, ಅದು ಹೊಸ ಬಣ್ಣವನ್ನೂ ಬೇಗ ಇಳಿಸುತ್ತದೆ. ಉಳಿದ ದಿನ ಮೃದುವಾದ ಶಾಂಪೂ, ಅದರ ಮೇಲೆ ತುಸು ಆಮ್ಲೀಯವಾದ ಕಂಡೀಷನರ್ ಬಳಸಿ. ಅಡುಗೆ ಸೋಡಾದಿಂದ ತೊಳೆಯಿರಿ ಎಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅದು ಕ್ಷಾರ, ನಿಮ್ಮ ಕೂದಲು ಈಗಾಗಲೇ ಸಾಕಷ್ಟು ಕ್ಷಾರವನ್ನು ಕಂಡಿದೆ.

ಬಣ್ಣ ಹಾಕಿಸುವ ಹಿಂದಿನ ವಾರ ಇಡಿಟಿಎ ಶಾಂಪೂವಿನಿಂದ ಎರಡು ಸಲ ತೊಳೆದುಕೊಳ್ಳಿ. ಹೊಸ ಬ್ಲೀಚ್ ಬೇಡವೇ ಬೇಡ, ಇರುವುದರ ಮೇಲೆ ಕಡಿಮೆ ಪೆರಾಕ್ಸೈಡಿನ ಬಣ್ಣ ಸಾಕು. ಹೋಗುವಾಗ ಬಿಳಿ ದಾರದ ಕುಚ್ಚನ್ನೂ ಕೆಂಪು ದಾರದ ಕುಚ್ಚನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ಬಣ್ಣವನ್ನು ಮೊದಲು ಅವೆರಡರ ಮೇಲೆಯೇ ಹಚ್ಚಿ ನೋಡಲು ನಿಮ್ಮ ಕೇಶವಿನ್ಯಾಸಕರಿಗೆ ಹೇಳಿ. ಕೆಂಪು ದಾರದ್ದು ಬಿಸಿಯಾದರೆ ಹೆದರಬೇಡಿ, ಅದರಲ್ಲಿ ತಾಮ್ರ ಇನ್ನೂ ಇದೆ ಎಂದರ್ಥ. ಬಿಳಿಯದು ಬಿಸಿಯಾದರೆ ಮಾತ್ರ ಅಂದು ಬಣ್ಣ ಹಾಕಿಸದೆ ಎದ್ದು ಬನ್ನಿ.